ಶಂಕರಪೋಳಿ ಹೊಲಿಗೆ

ಬಟ್ಟೆಯಾದರೆ ಬಿಚ್ಚಬಹುದಿತ್ತು.
ನೂಲು ಕತ್ತರಿಸಿ ಉಗುರಿನಿಂದ ಎರಡು ಸಲ ಗೀರಿದರೆ
ಎಳೆಗಳು ಸರಿದು ಕೂತು
ಸೂಜಿ ಬಂದುಹೋದದ್ದನ್ನೇ ಮರೆಯುತ್ತವೆ.
ತೊಗಲಿಗೆ ಮರೆವಿಲ್ಲ.
ಚುಚ್ಚಿದ್ದು ಚುಚ್ಚಿದ್ದೇ.

ಕೋಡಿಬಾಗದ ರಸ್ತೆಗೆ ಬೆನ್ನು ಕೊಟ್ಟ ಅಂಗಡಿ.
ರಿಕ್ಷಾ ಸೀಟು, ಬುಲೆಟ್ ಸೀಟು, ಟೆಂಪೋದ ಉದ್ದ ಸೀಟು,
ಎಲ್ಲ ರೆಗ್ಜಿನ್ನು.
ಹದಿನಾಲ್ಕು ವರ್ಷ ಅದನ್ನೇ ಹೊಲಿದ ಕೈ ಇದು.
ಪಾಸ್ಕು ಮಾಮ ಕೊಲ್ಲಾಪುರದಿಂದ ಹೇರಿಕೊಂಡು ತಂದ ಹಳೇ ಮಶೀನಿಗೆ
ಎರಡು ಪಾದ:
ನೀರಿಳಿದ ಕಾಳಿಯಲ್ಲಿ ಬಳಚು ತಡಕುವ ಹೆಂಗಸರ ಹಾಗೆ
ಒಂದನ್ನು ಊರಿ, ಇನ್ನೊಂದನ್ನು ಸರಿಸಿ
ನಡೆಯುತ್ತದೆ.

ಶಾಬು ತಾಂಡೇಲನಿಗೆ ಮಾತ್ರ ಖರೇ ತೊಗಲೇ ಬೇಕು.
ಜೂನು, ಬಂದರು ಬಂದ್,
ಬೈತಖೋಲದ ದಂಡೆಗೆ ಎಳೆದ ಬೋಟು,
ಚುಕ್ಕಾಣಿಯ ಹಿಂದೊಂದು ಹೊಸ ಕುರ್ಚಿ.
"ಇಪ್ಪತ್ತಾರು ವರ್ಷ ಐಸಿನ ಪೆಟ್ಟಿಗೆ ಮೇಲೆ ಕೂತೆ, ಶೇವಂತಿ.
ಇನ್ನು ಕಾರಿನವರ ಹಾಗೆ ಕೂರುತ್ತೇನೆ.
ಆ ಶಂಕರಪೋಳಿ ಡಿಜೈನು ಹಾಕು."
ಉಪ್ಪುಗಾಳಿಗೆ ತೊಗಲು ತಡೆಯುವುದಿಲ್ಲ ಅಂದೆ.
ಅಂಗಿಯ ತೋಳು ಮಡಚಿ ತೋರಿಸಿದ:
"ಇದು ತಡೆದಿಲ್ವಾ?"

ಸುರುಳಿ ಬಿಚ್ಚಿದಾಗ ವಾಸನೆ.
ಶಾಲೆಯಲ್ಲಿ ನನ್ನ ಪಕ್ಕದ ಜಾಗ ಖಾಲಿ ಇಟ್ಟ ವಾಸನೆ,
ಬಸ್‌ಸ್ಟ್ಯಾಂಡಿನ ಮೆಟ್ಟಿಲ ಬದಿ ಚಪ್ಪಲಿಯ ಉಂಗುಷ್ಟ ಹೊಲಿಯುತ್ತಿದ್ದ
ಅಪ್ಪನ ತೊಡೆಯ ಮೇಲಿನದು.
ಇದನ್ನು ಬಿಟ್ಟೇ ನಾನು ರೆಗ್ಜಿನ್ನಿಗೆ ಬಂದವಳು.
ಈಗ ಇದಕ್ಕೆ ಚದರಡಿಗಿಷ್ಟು ಎಂದು ರೇಟು.
ಕಾರಿನ ಬಾಗಿಲು ಹಾಕಿಕೊಂಡು
ಮೂಗು ತುಂಬ ಎಳೆದುಕೊಳ್ಳುತ್ತಾರಂತೆ.

ತೊಗಲು, ಫೋಮು, ಅಡಿಗೆ ಕೋರಾ ಬಟ್ಟೆ.
ಬಿಳಿ ಪೆನ್ಸಿಲಲ್ಲಿ ಓರೆ ಗೆರೆ, ಎದುರೋರೆ ಗೆರೆ;
ಹಬ್ಬದ ಹಿಂದಿನ ರಾತ್ರಿ ಅವ್ವ
ಲಟ್ಟಿಸಿದ ಹಿಟ್ಟಿನ ಮೇಲೆ ಚೂರಿ ಎಳೆದ ಹಾಗೆ.
ಪೆಡಲಿಗೆ ಕಾಲಿನ ಬೆರಳಷ್ಟೇ ಭಾರ.
ಹೊಲಿಗೆ ಬಿದ್ದಲ್ಲಿ ತೊಗಲು ಇಳಿಯುತ್ತದೆ,
ನಡುವೆ ಉಬ್ಬುತ್ತದೆ,
ಎಣ್ಣೆಗೆ ಬಿಟ್ಟ ಶಂಕರಪೋಳಿ.

ನಾಲ್ಕನೇ ಸಾಲಿನ ಹತ್ತಿರ ಒಂದು ಗಾಯದ ಗುರುತು ಸಿಕ್ಕಿತು.
ಬೇಲಿಯ ತಂತಿಯೋ, ಮುಳ್ಳೋ,
ಬದುಕಿದ್ದಾಗಲೇ ಮಾಯ್ದಿದ್ದು.
ಕೊಬ್ಬರಿ ತುರಿದ ಬಿಳುಪು, ಕಿರುಬೆರಳುದ್ದ.
ಮೊದಲೇ ನೋಡಿದ್ದರೆ ಅಡಿಗೆ ಮಡಚುತ್ತಿದ್ದೆ.
ಈಗ ಅದು ಒಂದು ಉಬ್ಬಿನ ಮೇಲೆ
ಆರಾಮ ಮಲಗಿದೆ. ಇರಲಿ.

ಏಳನೇ ಸಾಲಲ್ಲಿ ಮಶೀನು ನಾಲ್ಕು ಹೊಲಿಗೆ ನುಂಗಿತು.

ಸದ್ದು ಅದೇ, ಲಯ ಅದೇ,
ಆದರೆ ನೂಲಿಲ್ಲ;
ಇರುವೆ ಗೂಡಿನ ಬಾಯಿಯಂಥ ನಾಲ್ಕು ತೂತು.
ಮತ್ತೆ ಹಾಯಿಸಿದರೆ ಸೂಜಿ ಅದೇ ತೂತಿಗೆ ಬೀಳುವುದಿಲ್ಲ,
ಪಕ್ಕಕ್ಕೆ ಬೀಳುತ್ತದೆ,
ಎಂಟಾಗುತ್ತದೆ, ಹರಿಯುತ್ತದೆ.
ಪಾಸ್ಕು ಮಾಮ ಊಟಕ್ಕೆ ಹೋಗಿದ್ದ.
ಹೊರಗೆ ಮಳೆ ತಗಡಿಗೆ ಹೊಡೆಯುತ್ತಿತ್ತು.
ಎಷ್ಟು ಹೊತ್ತು ಕೂತೆನೋ.

ಆಮೇಲೆ ಮನೆಗೆ ಹೋಗಿ
ಬಿಸ್ಕತ್ತಿನ ಡಬ್ಬಿಯಿಂದ ಆರಿ ತಂದೆ.
ಹಿಡಿಕೆಯಲ್ಲಿ ಅಪ್ಪನ ಹೆಬ್ಬೆರಳಿನ ಹಳ್ಳ,
ನನ್ನದಕ್ಕೆ ಒಂದು ಸುತ್ತು ದೊಡ್ಡದು.
"ಮೊದಲು ಗಾಳಿಯಲ್ಲಿ ಚುಚ್ಚು" ಅನ್ನುತ್ತಿದ್ದ.
ಗಾಳಿಯಲ್ಲಿ ಚುಚ್ಚಿದೆ, ಮೂರು ಸಲ.
ನೂಲಿಗೆ ಮೇಣ ಹಚ್ಚಿ
ಅದದೇ ತೂತಿಗೆ, ಮೇಲಿಂದ ಒಂದು ಎಳೆ, ಕೆಳಗಿಂದ ಒಂದು,
ಹಲ್ಲು ಕಚ್ಚಿ ಎಳೆದೆ.

ಶಾಬು ಬಂದು ಕಡ್ಡಿ ಗೀರಿ ಮೂಲೆಗೆ ಹಿಡಿದ, ಖರೇ ಹೌದೋ ಎಂದು.
ಕಡ್ಡಿ ನಂದಿತು, ಮಳೆಗಾಲದ ಕಡ್ಡಿ.
ಗಾಯದ ಗುರುತು ತೋರಿಸಿದೆ.
ಬಲೆಯ ಹಗ್ಗ ಕೊಯ್ದ ಅಂಗೈಯಿಂದ
ಅದನ್ನು ಒಂದು ಸಲ ಸವರಿ
"ಹಾಂ" ಅಂದ.
ಏಳನೇ ಸಾಲಿನ ಮೇಲೆ ಅವನ ಬೆರಳು ನಿಲ್ಲದೆ ದಾಟಿಹೋಯಿತು.

ಪಾಸ್ಕು ಮಾಮ ಕನ್ನಡಕ ಏರಿಸಿ ಬಿಲ್ಲು ಬರೆದ:
ಕುರ್ಚಿ ಒಂದು. ತೊಗಲು ಗಿರಾಕಿಯದು.
ಪೂರ್ತಿ ಮಶೀನ್ ವರ್ಕ್.

ನಾನು ಆರಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದೆ.
ಏನೂ ಹೇಳಲಿಲ್ಲ.